ಪೋರ್ಟಿಕೋದ ಹಸಿರು ನೀರು

ಬಸವೇಶ್ವರನಗರದ ನಮ್ಮ ಮನೆಯಲ್ಲಿ ನಡುಮನೆ, ಅಡುಗೆಮನೆ, ಎಲ್ಲರೂ ಸಾಲಾಗಿ ಮಲಗುತ್ತಿದ್ದ ರೂಮು ಬಿಟ್ಟರೆ ಇನ್ನೊಂದು ಕೋಣೆಯಿತ್ತು. ಅದರಲ್ಲಿ ಕಾರು ಇರುತ್ತಿತ್ತು. ಬೀದಿಯ ಉಳಿದವರು ಅಂಥದ್ದನ್ನು ಪೋರ್ಟಿಕೋ ಎನ್ನುತ್ತಿದ್ದರು. ನಮಗೆ ಅದು ಮನೆಯ ಒಳಭಾಗವೇ. ಅಜ್ಜಿಯ ಒರಳುಕಲ್ಲು ಕಾರಿನ ಹಿಂದಿನ ಚಕ್ರದ ಪಕ್ಕದಲ್ಲಿತ್ತು, ಹುಣಸೆಹಣ್ಣಿನ ಮಡಕೆ ಮುಂದಿನ ಚಕ್ರದ ಪಕ್ಕದಲ್ಲಿ. ಬೇಸಿಗೆಯಲ್ಲಿ ಕಾರನ್ನು ಗೇಟಿನಾಚೆ ಬಿಸಿಲಿಗೆ ನಿಲ್ಲಿಸಿ, ಅದರ ತಲೆಯ ಮೇಲೆ ಹಳೆಯ ಪಂಚೆ ಹಾಸಿ ಸಂಡಿಗೆ ಇಟ್ಟರೆ, ಅವು ಒಣಗುವ ತನಕ ಅಪ್ಪ ಆಫೀಸಿಗೆ ಬಸ್ಸಿನಲ್ಲಿ ಹೋಗಬೇಕು. ಚಳಿಗಾಲದಲ್ಲಿ ದೋಸೆ ಹಿಟ್ಟು ಉಬ್ಬದಿದ್ದರೆ ಅಪ್ಪ ಮನೆಗೆ ಬಂದ ಕೂಡಲೇ ಬೆಚ್ಚಗಿರುವ ಬಾನೆಟ್ಟಿನ ಮೇಲೆ ಹಿಟ್ಟಿನ ಪಾತ್ರೆ ಏರುತ್ತಿತ್ತು. ಕಾರು ನನಗಿಂತ ದೊಡ್ಡದು, ವಯಸ್ಸಿನಲ್ಲಿ. ಅಪ್ಪ ಅದನ್ನು ಯಾರದೋ ಕೈಯಿಂದ ಕೊಂಡಿದ್ದ. ಆ ಯಾರೋ ಇನ್ಯಾರದೋ ಕೈಯಿಂದ ಕೊಂಡಿದ್ದರು. ನಾವು ನಾಲ್ಕು ಜನ, ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ ಮತ್ತು ನಾನು, ಐದನೆಯದು ಅದು ಎಂಬಂತೆ ಇದ್ದೆವು. ಇಷ್ಟು ಹತ್ತಿರದಲ್ಲಿ ಇಟ್ಟುಕೊಂಡಿದ್ದ ಒಂದು ವಸ್ತು ನಮ್ಮ ಮನೆಯ ಒಂದು ಜೀವವನ್ನು ತೆಗೆದುಕೊಂಡೇ ಹೋಗುವುದರಲ್ಲಿತ್ತು ಎಂಬುದನ್ನು ಈಗಲೂ, ಈ ವಯಸ್ಸಿನಲ್ಲೂ, ನೆನೆದರೆ ಮೈ ಝುಂ ಎನ್ನುತ್ತದೆ.

ಬೆಳಗಿನ ಹೊತ್ತು ನಮ್ಮ ಮನೆಯಲ್ಲಿ ಮೂರು ಕೆಲಸ ಒಟ್ಟಿಗೆ ನಡೆಯುತ್ತಿದ್ದವು. ಅಜ್ಜಿ ಸ್ನಾನ ಮುಗಿಸಿ, ಹಣೆಗೆ ಮೂರು ಬೆರಳು ವಿಭೂತಿ ಎಳೆದುಕೊಂಡು, ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ನಡುಮನೆಯಲ್ಲಿ ಕೂರುತ್ತಿದ್ದಳು. ಒಳಗೆ ಅಮ್ಮ ರೊಟ್ಟಿ ಬಡಿಯುತ್ತಿದ್ದಳು. ಹೊರಗೆ ಅಪ್ಪ ಬಾನೆಟ್ಟು ಎತ್ತಿ, ರೇಡಿಯೇಟರಿನ ಮುಚ್ಚಳವನ್ನು ಬಟ್ಟೆಯಲ್ಲಿ ಹಿಡಿದು ತಿರುಗಿಸಿ, ಒಳಗೆ ಇಣುಕಿ, ನಿಟ್ಟುಸಿರು ಬಿಟ್ಟು, ಒಂದು ಚೊಂಬು ನೀರು ಹಾಕುತ್ತಿದ್ದ. ಎಂಜಿನ್ ಉರಿಯುತ್ತದೆ, ನೀರು ಅದರ ಹೊಟ್ಟೆಯೊಳಗೆ ಸುತ್ತಿ ಕಾವು ಹೊತ್ತುಕೊಂಡು ಬಂದು ರೇಡಿಯೇಟರಿನಲ್ಲಿ ತಣ್ಣಗಾಗಿ ಮತ್ತೆ ಒಳಗೆ ಹೋಗುತ್ತದೆ, ಎಂದು ನನಗೆ ಹೇಳಿಕೊಟ್ಟಿದ್ದ. ಹಾಗಿದ್ದರೆ ಹಾಕಿದ ನೀರು ಅಲ್ಲೇ ಇರಬೇಕಲ್ಲ, ದಿನಾ ಯಾಕೆ ಹಾಕುತ್ತೀಯ ಎಂದು ಕೇಳಿದರೆ ಅಪ್ಪನ ಮುಖ ಸಣ್ಣದಾಗುತ್ತಿತ್ತು. ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ ಅವನದು. ಕೂದಲೆಳೆಯ ಗೆರೆ ತಪ್ಪಿದರೂ ಕಣ್ಣಿಗೆ ಬೀಳುತ್ತಿತ್ತು. ಅಂಥವನಿಗೆ ಸ್ವಂತ ಕಾರಿನಲ್ಲಿ ನೀರು ಎಲ್ಲಿಂದ ಹೋಗುತ್ತಿದೆ ಎಂಬುದು ಕಾಣುತ್ತಿರಲಿಲ್ಲ.

ಹುಡುಕದೆ ಬಿಟ್ಟವನಲ್ಲ ಅವನು. ಕಾರಿನ ಮುಂಭಾಗದ ಅಡಿಯಲ್ಲಿ ನೆಲ ಒದ್ದೆಯಾಗುತ್ತಿತ್ತು. ಒದ್ದೆಯಾದ ಜಾಗದ ನೇರ ಮೇಲೆ ಏನಿದೆ ಎಂದು ನೋಡುವುದು ಅವನ ಕ್ರಮ. ಮೇಲೆ ರಬ್ಬರ್ ಪೈಪಿತ್ತು, ಪೈಪು ಬದಲಾಯಿತು. ಪೈಪನ್ನು ಬಿಗಿಯುವ ಪಟ್ಟಿ ಬದಲಾಯಿತು. ಮಾಗಡಿ ರಸ್ತೆಯ ಮೆಕ್ಯಾನಿಕ್ ಬಾಷಾ ರೇಡಿಯೇಟರ್ ಬಿಚ್ಚಿಕೊಂಡು ಹೋಗಿ ಬೆಸುಗೆ ಹಾಕಿಸಿ ತಂದರು. ಆಮೇಲೆ ನೀರಿನ ಪಂಪೂ ಹೊಸದು ಬಂತು. ಪ್ರತಿ ಸಲವೂ ಎರಡು ದಿನ ಅಪ್ಪ ಹಾಡು ಗುನುಗುತ್ತಾ ಓಡಾಡುತ್ತಿದ್ದ, ಮೂರನೆಯ ಬೆಳಿಗ್ಗೆ ನೆಲ ಮತ್ತೆ ಒದ್ದೆ.

"ಸಾರ್, ಈ ಗಾಡಿಗೆ ಬೋರ್‌ವೆಲ್ ನೀರು ಹಾಕಿ ಹಾಕಿ ಒಳಗೆಲ್ಲ ತುಕ್ಕು ಹಿಡಿದೈತೆ," ಎಂದು ಬಾಷಾ ಕೈ ಒರೆಸಿಕೊಂಡರು. "ಇನ್ಮೇಲಾದ್ರೂ ಕೂಲಂಟ್ ಹಾಕಿ."

ಹಾಗೆ ನಮ್ಮ ಮನೆಗೆ ಆ ಹಸಿರು ನೀರು ಬಂತು. ಎಳೆ ಹುಲ್ಲಿನ ಬಣ್ಣ. ಮೂಗಿಗೆ ಹಿಡಿದರೆ ಸಿಹಿ ವಾಸನೆ, ಬೆಲ್ಲದ ಪಾಕ ತಣ್ಣಗಾಗುವಾಗ ಬರುವಂಥದ್ದು. ಅದು ದುಬಾರಿ. ದುಬಾರಿಯಾದದ್ದು ನೆಲಕ್ಕೆ ಸೋರಿ ಹೋಗುವುದನ್ನು ನಮ್ಮ ಮನೆಯಲ್ಲಿ ಯಾರೂ ನೋಡಿಕೊಂಡು ಕೂರುವಂತಿರಲಿಲ್ಲ. ಅಪ್ಪ ಕಾರಿನ ಅಡಿಗೆ ಒಂದು ಪಿಂಗಾಣಿ ತಟ್ಟೆ ಇಟ್ಟ. ಬೆಳಿಗ್ಗೆ ತಟ್ಟೆಯಲ್ಲಿ ನಿಂತ ಹಸಿರು ನೀರನ್ನು ಬಟ್ಟೆಯಲ್ಲಿ ಸೋಸಿ, ಕಸ ತೆಗೆದು, ಮತ್ತೆ ರೇಡಿಯೇಟರಿಗೆ ಹಾಕುವುದು. ಸೋಸುವುದಕ್ಕೆ ಅವನು ತೆಗೆದುಕೊಂಡದ್ದು ಅಮ್ಮ ಮೊಸರು ಕಟ್ಟುವ ತೆಳು ಬಟ್ಟೆ.

"ರೀ, ಇದೇನ್ರೀ ಬಟ್ಟೆ ಹಸಿರಾಗಿದೆ? ಶ್ರೀಖಂಡಕ್ಕೆ ಅಂತ ಎತ್ತಿಟ್ಟಿದ್ದೆ!"

"ತೊಳೆದು ಇಟ್ಟಿದೀನಲ್ಲೇ."

"ತೊಳೆದ್ರೆ? ನಿಮ್ಮ ಕಾರಿನ ಉಚ್ಚೆ ಸೋಸಿದ ಬಟ್ಟೇಲಿ ನಾನು ಮೊಸರು ಕಟ್ಟಲಾ?"

ಅಜ್ಜಿ ಜಪ ಮಾಡುತ್ತಿದ್ದವಳು ಕಣ್ಣು ತೆರೆಯದೆಯೇ ಹೇಳಿದಳು:

"ಗಿರಿಜಾ, ಬೆಳಿಗ್ಗೆ ಬೆಳಿಗ್ಗೆ ಎಂಥ ಮಾತಾಡ್ತೀಯೇ."

"ಅತ್ತೆ, ನಿಮ್ಮ ಮಗ ಮಾಡಿದ್ದು ಕಾಣಲ್ಲ, ನಾನು ಆಡಿದ್ದು ಮಾತ್ರ ಕೇಳುತ್ತೆ."

ಅಮ್ಮ ಮತ್ತು ಅಜ್ಜಿಯ ಜಗಳಗಳೆಲ್ಲ ಹೀಗೆಯೇ, ಚಿಕ್ಕವು, ದಿನನಿತ್ಯದವು, ಒಗ್ಗರಣೆಯ ಸದ್ದಿನಂತೆ. ಆ ವರ್ಷ ಅದರೊಳಗೆ ಒಂದು ಹೊಸ ವಿಷಯ ಸೇರಿತ್ತು. ಅಜ್ಜಿಗೆ ಸಕ್ಕರೆ ಕಾಯಿಲೆ ಶುರುವಾಗಿದೆ ಎಂದು ಡಾಕ್ಟರು ಹೇಳಿದ್ದರು. ಬೆಲ್ಲದ ಡಬ್ಬಿ ಮೇಲಿನ ಅಟ್ಟಕ್ಕೆ ಹೋಯಿತು. ಹೋಳಿಗೆ ಮಾಡಿದ ದಿನ ಅಜ್ಜಿಗೆ ಅರ್ಧ. ಬೇಸಿಗೆಯಲ್ಲಿ ನಮ್ಮ ಮನೆಗೆ ಪ್ರತಿ ವರ್ಷ ಲಾವಂಚದ ಶರಬತ್ತಿನ ಬಾಟಲಿಯೊಂದು ಬರುತ್ತಿತ್ತು. ಹಸಿರು ಪಾಕ, ಎರಡು ಚಮಚಕ್ಕೆ ಒಂದು ಲೋಟ ತಣ್ಣೀರು. ಅಜ್ಜಿಗೆ ಅದೆಂದರೆ ಪ್ರಾಣ. ಆ ವರ್ಷ ಅಮ್ಮ ಅದನ್ನು ನನಗೂ ಅಪ್ಪನಿಗೂ ಮಾತ್ರ ಮಾಡಿಕೊಟ್ಟು, ಬೇಗ ಖಾಲಿ ಮಾಡಿ, ಬಾಟಲಿ ತೊಳೆದು ಕವುಚಿಟ್ಟಳು. ಒಳ್ಳೆಯ ಗಾಜಿನ ಬಾಟಲಿ, ಬಿಗಿ ಮುಚ್ಚಳ. ಅಂಥ ಬಾಟಲಿಯನ್ನು ಬಿಸಾಡುವ ಮನೆ ಆ ಕಾಲದಲ್ಲಿ ನಾನು ನೋಡಲಿಲ್ಲ. ಒಂದರಲ್ಲಿ ಎಳ್ಳೆಣ್ಣೆ ಇರುತ್ತಿತ್ತು, ಒಂದರಲ್ಲಿ ಸೀಮೆಎಣ್ಣೆ, ಒಂದರಲ್ಲಿ ಫಿನಾಯಿಲು. ಅಪ್ಪ ಇದನ್ನು ತೆಗೆದುಕೊಂಡು, ತಟ್ಟೆಯಲ್ಲಿ ಸಿಕ್ಕಿದ ಕೂಲಂಟು ಹೆಚ್ಚಾದ ದಿನ ಅದರಲ್ಲಿ ತುಂಬಿಟ್ಟ. ಬಾಟಲಿಯ ಮೇಲಿನ ಲಾವಂಚದ ಚೀಟಿ ಹಾಗೇ ಇತ್ತು. ಇಟ್ಟದ್ದು ನಡುಮನೆಗೂ ಪೋರ್ಟಿಕೋಗೂ ನಡುವಿನ ಕಿಟಕಿಯ ದಂಡೆಯಲ್ಲಿ, ಅಪ್ಪನ ಸ್ಪ್ಯಾನರುಗಳ ಹಿಂದೆ.

ಅವತ್ತು ಮಧ್ಯಾಹ್ನ ಅಮ್ಮ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಬಸ್ಸಿನಲ್ಲಿ ಆಫೀಸಿಗೆ ಹೋಗಿದ್ದ ಅಪ್ಪ ಇನ್ನೂ ಬಂದಿರಲಿಲ್ಲ. ನಾನು ಪಕ್ಕದ ಮನೆಯಲ್ಲಿ ಚೌಕಾಬಾರ ಆಡಿ ಬಂದಾಗ ಅಜ್ಜಿ ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದಳು. ಸೆರಗು ತಲೆಯಿಂದ ಜಾರಿತ್ತು. ಅದನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ನನ್ನನ್ನು ನೋಡಿ ಕಿಲಕಿಲ ನಕ್ಕಳು. ಮದುವೆಯಾಗಿ ಹೋದ ತನ್ನ ಮಗಳ ಹೆಸರಿನಿಂದ ನನ್ನನ್ನು ಕರೆದಳು. ಏಳಲು ಹೋಗಿ, ಗೋಡೆ ಹಿಡಿದು, ಎರಡು ಹೆಜ್ಜೆ ಓಲಾಡಿ, ಮತ್ತೆ ದೊಪ್ಪನೆ ಕೂತು ಇನ್ನೂ ಜೋರಾಗಿ ನಕ್ಕಳು. ಬೀದಿಯ ಕೊನೆಯ ಸಾರಾಯಿ ಅಂಗಡಿಯ ಮುಂದೆ ಗಂಡಸರು ಹಾಗೆ ನಿಲ್ಲುವುದನ್ನು ನೋಡಿದ್ದೆ. ನಮ್ಮ ಅಜ್ಜಿ! ಈರುಳ್ಳಿ ಹೆಚ್ಚಿದ ಚಾಕುವನ್ನು ಸೋಮವಾರ ಮುಟ್ಟದವಳು. ನಾನು ಬಾಗಿಲಲ್ಲೇ ಗಟ್ಟಿಯಾಗಿ ನಿಂತುಬಿಟ್ಟೆ. ಓಡಬೇಕೋ, ಹತ್ತಿರ ಹೋಗಬೇಕೋ ತಿಳಿಯಲಿಲ್ಲ.

ಅಮ್ಮ ಬಂದವಳು ಹಿಟ್ಟಿನ ಡಬ್ಬಿ ಅಲ್ಲೇ ಬಿಟ್ಟಳು. ಸಕ್ಕರೆ ಇಳಿದಿರಬೇಕು ಎಂದುಕೊಂಡು ಅಡುಗೆಮನೆಗೆ ಓಡಿ ಬೆಲ್ಲಕ್ಕೆ ಕೈ ಹಾಕಿದಳು. ಅಲ್ಲಿ ಕಟ್ಟೆಯ ಮೇಲೆ ಅಜ್ಜಿಯ ಬೆಳ್ಳಿ ಲೋಟವಿತ್ತು. ತಳದಲ್ಲಿ ಒಂದಿಷ್ಟು ಹಸಿರು. ಅಷ್ಟರಲ್ಲಿ ಅಪ್ಪ ಗೇಟು ತೆಗೆದ ಸದ್ದಾಯಿತು.

"ರೀ, ನಿಮ್ಮವ್ವ ಎಲ್ಲೋ ಶರಬತ್ತು ಹುಡುಕಿ ಕುಡಿದಾರೆ. ಇನ್ನೊಂದು ಬಾಟಲಿ ತಂದಿದ್ರಾ ನೀವು?"

ಅಪ್ಪ ಲೋಟ ತೆಗೆದುಕೊಂಡು ಮೂಸಿದ. ಮೂಸಿದವನು ಕಿಟಕಿಯ ದಂಡೆಯ ಕಡೆ ತಿರುಗಿದ. ಸ್ಪ್ಯಾನರುಗಳು ಪಕ್ಕಕ್ಕೆ ಸರಿದಿದ್ದವು, ಬಾಟಲಿ ಮುಂದೆ ಬಂದಿತ್ತು, ಅದರಲ್ಲಿದ್ದದ್ದು ಇಳಿದಿತ್ತು. ಅಪ್ಪನ ಬಾಯಿಂದ ಒಂದು ಸದ್ದು ಬಂತು, ಮಾತಲ್ಲ. ಹೊಸ್ತಿಲ ಮೇಲೆ ಕುಸಿದ. ಗಂಡಸರು ಹಾಗೆ ಕುಸಿಯುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಅವತ್ತು ಎರಡು ಸಲ ನನ್ನ ಕಣ್ಣೆದುರು ಮನೆಯ ದೊಡ್ಡವರು ದೊಡ್ಡವರಲ್ಲದಂತೆ ಆದರು.

"ಶರಬತ್ತಲ್ಲ ಕಣೇ," ಎಂದ. "ಕಾರಿಂದು."

ಆಮೇಲೆ ಎಲ್ಲವನ್ನೂ ನಡೆಸಿದ್ದು ಅಮ್ಮ. ನನ್ನನ್ನು ಆಟೋ ತರಲು ಓಡಿಸಿದಳು. ಅಪ್ಪ ಕಾರಿನ ಕೀಲಿ ಹುಡುಕಲು ಹೋಗಿ, ಕೈಗೆ ಸಿಕ್ಕ ಮೇಲೆ ಅದನ್ನು ಬಿಸಿ ಕೆಂಡದಂತೆ ಕೆಳಗೆ ಹಾಕಿದ. "ಬೇಡ, ಇದು ನಡುದಾರೀಲಿ ಕಾದು ನಿಂತುಬಿಡುತ್ತೆ," ಎಂದ. ಅಮ್ಮ ಬಾಟಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಡಾಕ್ಟರಿಗೆ ತೋರಿಸಬೇಕು ಎಂದು ಅವಳಿಗೆ ಹೊಳೆದದ್ದು ದೊಡ್ಡ ವಿಷಯ. ಆಟೋದಲ್ಲಿ ಅಜ್ಜಿ ನಗು ನಿಲ್ಲಿಸಿ ವಾಂತಿ ಮಾಡಿಕೊಂಡಳು, ಆಮೇಲೆ ತೂಕಡಿಸತೊಡಗಿದಳು.

ರಾಜಾಜಿನಗರದ ಆಸ್ಪತ್ರೆಯಲ್ಲಿದ್ದದ್ದು ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು. ಬಾಟಲಿಯನ್ನು ನೋಡಿ, ಮೂಸಿ, ಅಪ್ಪನನ್ನು ಕೇಳಿ, ಒಳಗೆ ಹೋಗಿ ಇನ್ನೊಬ್ಬ ಹಿರಿಯರ ಜೊತೆ ಮಾತಾಡಿ ಬಂದರು.

"ನೋಡಿ ಸಾರ್, ಇದು ಹೊಟ್ಟೇಲಿ ಇರೋವಾಗ ಅಷ್ಟು ಕೆಡುಕಲ್ಲ. ಲಿವರ್ ಇದನ್ನ ಒಡೆದಾಗ ಬರೋದು ವಿಷ. ಕಿಡ್ನಿ ಹೋಗುತ್ತೆ. ಲಿವರ್‌ಗೆ ಬೇರೆ ಕೆಲಸ ಕೊಟ್ರೆ ಇದನ್ನ ಮುಟ್ಟಲ್ಲ, ಹಂಗೇ ಮೂತ್ರದಲ್ಲಿ ಹೊರಗೆ ಹೋಗುತ್ತೆ."

"ಕೊಡಿ ಮೇಡಂ, ಏನ್ ಬೇಕಾದ್ರೂ ಕೊಡಿ."

"ಆಲ್ಕೋಹಾಲ್ ಕೊಡಬೇಕು. ನಮ್ಮಲ್ಲಿ ಡ್ರಿಪ್‌ಗೆ ಹಾಕೋದು ಸ್ಟಾಕ್ ಇಲ್ಲ. ನೀವು ಹೋಗಿ ಒಂದು ಬಾಟಲ್ ಬ್ರಾಂದಿ ತಗೊಂಡು ಬನ್ನಿ. ಬೇಗ."

ಅಪ್ಪ ಅಮ್ಮ ಇಬ್ಬರೂ ಡಾಕ್ಟರ ಮುಖವನ್ನೇ ನೋಡುತ್ತಾ ನಿಂತರು. ತಮಾಷೆ ಎಂದುಕೊಂಡರೋ ಏನೋ. ಈಗ ಇದಕ್ಕೆ ಬೇರೆ ಔಷಧವಿದೆಯಂತೆ. ಅವತ್ತು ಆ ಆಸ್ಪತ್ರೆಗೆ ಗೊತ್ತಿದ್ದ ದಾರಿ ಅದೊಂದೇ. ಅಪ್ಪ ಬ್ರಾಂದಿ ಅಂಗಡಿಯ ಮೆಟ್ಟಿಲು ಹತ್ತಿದ್ದು ಜೀವಮಾನದಲ್ಲಿ ಅವತ್ತೊಂದೇ ದಿನ, ಹಣೆಯಲ್ಲಿ ಬೆಳಗಿನ ವಿಭೂತಿ ಇಟ್ಟುಕೊಂಡೇ. ಎಷ್ಟೋ ವರ್ಷದ ಮೇಲೆ ಅವನೇ ಹೇಳಿದ. ಅಂಗಡಿಯವನು "ಯಾವುದು ಸಾರ್?" ಎಂದನಂತೆ. ಇವನಿಗೆ ಹೆಸರು ಒಂದೂ ಗೊತ್ತಿಲ್ಲ. "ಒಳ್ಳೇದು ಕೊಡಪ್ಪ, ನಮ್ಮವ್ವನಿಗೆ," ಎಂದನಂತೆ. ಅಂಗಡಿಯವನು ಪಕ್ಕದವನ ಮುಖ ನೋಡಿ, ಕಾಗದದಲ್ಲಿ ಸುತ್ತಿ ಕೊಟ್ಟನಂತೆ.

ಆದರೆ ಅಜ್ಜಿ ಕುಡಿಯಬೇಕಲ್ಲ. ಡಾಕ್ಟರು ಅಳತೆ ಮಾಡಿ ನೀರು ಬೆರೆಸಿ ಲೋಟವನ್ನು ತುಟಿಯ ಹತ್ತಿರ ತಂದರು. ತೂಕಡಿಸುತ್ತಿದ್ದ ಅಜ್ಜಿಗೆ ಆ ವಾಸನೆಗೆ ಪೂರ್ತಿ ಎಚ್ಚರವಾಯಿತು. ಒಂದು ಕೈ ಎದೆಯ ಮೇಲಿನ ಕರಡಿಗೆಯನ್ನು ಮುಚ್ಚಿತು, ಇನ್ನೊಂದು ಲೋಟವನ್ನು ತಳ್ಳಿತು.

"ಏನಿದು?"

"ಔಷಧಿ ಅಜ್ಜಿ."

"ಹೆಂಡ. ನನಗೆ ಗೊತ್ತಾಗಲ್ವಾ? ಲಿಂಗ ಕಟ್ಟಿದ ಮೈಗೆ ಹೆಂಡ ಕುಡಿಸ್ತೀರಾ? ಸಾಯ್ತೀನಿ, ಕುಡಿಯಲ್ಲ."

"ಅವ್ವಾ, ನಿನ್ನ ಕಾಲಿಗೆ ಬೀಳ್ತೀನಿ," ಅಪ್ಪ ನಿಜವಾಗಿಯೂ ಬಗ್ಗಿದ.

"ನೀನು ಸುಮ್ನಿರೋ ಮಲ್ಲಣ್ಣ. ನಾನು ಬದುಕಿದ್ದು ಸಾಕು. ಹೋಗೋವಾಗ ಯಾಕೆ ಮೈಲಿಗೆ ಮಾಡ್ಕೊಂಡು ಹೋಗ್ಲಿ."

ಡಾಕ್ಟರು ಗಡಿಯಾರ ನೋಡಿದರು. ತಡವಾದಷ್ಟೂ ಕಷ್ಟ ಎಂದು ಇಂಗ್ಲಿಷಿನಲ್ಲಿ ಅಪ್ಪನಿಗೆ ಹೇಳಿದರು. ಮೂಗಿನಿಂದ ಕೊಳವೆ ಇಳಿಸಬಹುದು, ಆದರೆ ಇವರು ಒಪ್ಪದೆ ಒದ್ದಾಡಿದರೆ ಅದೂ ಅಪಾಯ. ಅಪ್ಪ ಅಳುತ್ತಿದ್ದ. ನಾನು ಮಂಚದ ಕಾಲನ್ನು ಹಿಡಿದುಕೊಂಡು ನಿಂತಿದ್ದೆ, ಅದು ತಣ್ಣಗಿತ್ತು ಎಂಬುದು ಈಗಲೂ ಅಂಗೈಗೆ ಗೊತ್ತು. ಆಗ ಅಮ್ಮ ಮುಂದೆ ಬಂದಳು. ಮನೆಯಲ್ಲಿ ಉಪ್ಪು ಹೆಚ್ಚಾಯಿತು ಕಡಿಮೆಯಾಯಿತು ಎನ್ನುವಾಗ ಆಡುವ ಅದೇ ದನಿಯಲ್ಲಿ ಕೇಳಿದಳು:

"ಅತ್ತೆ, ಮಧ್ಯಾಹ್ನ ಶರಬತ್ತು ಕುಡಿದ್ರಲ್ಲ, ಲಿಂಗಕ್ಕೆ ತೋರಿಸಿ ಕುಡಿದ್ರಾ, ಇಲ್ಲ ಕದ್ದು ಹಂಗೇ ಕುಡಿದ್ರಾ?"

ಅಜ್ಜಿಗೆ ಸಿಟ್ಟು ಬಂತು. "ಏನಂದ್ಯೇ? ನೀರು ಕುಡಿಯೋದಾದ್ರೂ ಅವನಿಗೆ ಅರ್ಪಿಸದೆ ಕುಡಿದಿದೀನಾ ನಾನು? ಕದ್ದು ಕುಡಿದಿದ್ದು ನಿನಗೆ ಗೊತ್ತಾಗದಂಗೆ. ಅವನಿಗೆ ಗೊತ್ತಾಗದಂಗಲ್ಲ."

"ಹಂಗಾದ್ರೆ ಆ ವಿಷ ಮೊದಲು ಕುಡಿದೋನು ಅವನು."

ಅಜ್ಜಿ ಕರಡಿಗೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

"ನೀವು ಮದ್ದು ಬೇಡ ಅಂತೀರ. ನಿಮಗೆ ಬೇಡದಿದ್ರೆ ಬೇಡ. ಅವನಿಗ್ಯಾರು ಕೊಡ್ತಾರೆ? ವಿಷ ಕೊಟ್ಟೋರು ನೀವು, ಮದ್ದೂ ನೀವೇ ಕೊಡಬೇಕು."

"ಅವನಿಗೇನಾಗುತ್ತೆ," ಅಜ್ಜಿಯ ದನಿ ಕೆಳಗಿಳಿದಿತ್ತು. "ನಂಜು ಉಂಡು ಕಂಠದಲ್ಲಿ ಇಟ್ಕೊಂಡೋನು."

"ನೀವು ನುಂಗಿಬಿಟ್ರಲ್ಲ ಅತ್ತೆ. ಅದೇ ತೊಂದರೆ."

ಅಜ್ಜಿ ಅಮ್ಮನ ಮುಖ ನೋಡಿದಳು. ಆಮೇಲೆ ಕರಡಿಗೆ ಬಿಚ್ಚಿ, ಲಿಂಗವನ್ನು ಅಂಗೈಗೆ ತೆಗೆದುಕೊಂಡು, ಡಾಕ್ಟರ ಕಡೆ ಕೈ ಚಾಚಿದಳು. ಡಾಕ್ಟರು ಬೆರಗಿನಿಂದಲೇ ಲೋಟ ಕೊಟ್ಟರು. ಅಜ್ಜಿ ಆ ಬ್ರಾಂದಿಯನ್ನು ದೇವರ ಹಾಲನ್ನು ತೋರಿಸುವಂತೆ ಲಿಂಗದ ಮುಂದೆ ಹಿಡಿದು, ಕಣ್ಣು ಮುಚ್ಚಿ, ಏನೋ ಹೇಳಿಕೊಂಡು, ಗಟಗಟ ಕುಡಿದು, ಮುಖ ಕಿವುಚಿದಳು.

"ಥೂ. ಇದಕ್ಕೆ ಜನ ಮನೆ ಮಠ ಮಾರ್ಕೊತಾರಾ?"

ಆಸ್ಪತ್ರೆಯವರು ಬ್ರಾಂದಿಯನ್ನು ಮರುದಿನದವರೆಗೂ ಹೊತ್ತುಹೊತ್ತಿಗೆ ಅಳತೆ ಮಾಡಿ ಕೊಟ್ಟರು, ರಕ್ತ ತೆಗೆದು ನೋಡಿದರು, ಮೂತ್ರ ಅಳೆದರು. ಅಜ್ಜಿ ಪ್ರತಿ ಸಲವೂ ಲಿಂಗಕ್ಕೆ ತೋರಿಸಿಯೇ ಕುಡಿದಳು. ನರ್ಸುಗಳು ಬಾಗಿಲಲ್ಲಿ ಬಂದು ನಿಂತು ನೋಡಿ ಹೋಗುತ್ತಿದ್ದರು. ಅಮಲಿನಲ್ಲಿ ಅಜ್ಜಿ ಏನೇನೋ ಮಾತಾಡಿದಳು. ಅದರಲ್ಲಿ ಒಂದು ಮಾತು ಅಮ್ಮನನ್ನು ಆ ಎಲ್ಲ ಹೊತ್ತಿಗಿಂತ ಹೆಚ್ಚು ಕಂಗೆಡಿಸಿತು. "ನಿನ್ನ ರೊಟ್ಟಿ ನನ್ನ ರೊಟ್ಟಿಗಿಂತ ತೆಳು ಬರುತ್ತೆ ಕಣೇ ಗಿರಿಜಾ. ಹೇಳಿಲ್ಲ ಅಷ್ಟೆ." ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕದಿದ್ದ ಅಮ್ಮ ಎದ್ದು ಹೊರಗಿನ ಕಾರಿಡಾರಿಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತಳು.

ಅಜ್ಜಿಯ ಕಿಡ್ನಿ ಉಳಿಯಿತು. ಮನೆಗೆ ಕರೆತಂದಾಗ ಅರ್ಧ ಆಗಿದ್ದಳು, ಗೋಡೆ ಹಿಡಿದು ನಡೆಯುತ್ತಿದ್ದಳು, ಆದರೆ ಅವಳೇ. ಅಜ್ಜಿಗಿಂತ ಹೆಚ್ಚು ಬದಲಾಗಿದ್ದವನು ಅಪ್ಪ. ಅಜ್ಜಿಯ ಎದುರು ಬರುತ್ತಿರಲಿಲ್ಲ, ಬಂದರೆ ತಲೆ ಎತ್ತುತ್ತಿರಲಿಲ್ಲ. ಊಟಕ್ಕೆ ಎಲ್ಲರೂ ಎದ್ದ ಮೇಲೆ ಕೂರುತ್ತಿದ್ದ. ಮನೆಯ ಬಾಟಲಿಗಳನ್ನೆಲ್ಲ, ಎಳ್ಳೆಣ್ಣೆಯದನ್ನೂ ಸೇರಿಸಿ, ಒಂದು ದಿನ ಒಡೆದು ಹಾಕಿದ. ನಡುಮನೆಯಿಂದ ಪೋರ್ಟಿಕೋಗೆ ಹೋಗುವ ಬಾಗಿಲು ಮುಚ್ಚಿಕೊಂಡಿತು. ಅಮ್ಮ ಏನಾದರೂ ಹೇಳಿದರೆ "ಹೂಂ" ಎನ್ನುತ್ತಿದ್ದ. ಒಬ್ಬರು ಉಳಿದರು, ಇನ್ನೊಬ್ಬರನ್ನು ಕಳೆದುಕೊಂಡೆವೋ ಎಂಬ ಭಯ ನನಗೂ ಅಮ್ಮನಿಗೂ ಹತ್ತಿತು. ಕೊನೆಗೆ ಒಂದು ಸಂಜೆ ಗೋಡೆಗೆ ಹೇಳಿದಂತೆ ಹೇಳಿದ, ಕಾರು ಮಾರಿಬಿಡುತ್ತೇನೆ, ನಾಗರಬಾವಿ ಕಡೆಯ ಒಬ್ಬರು ಕೇಳಿದ್ದಾರೆ.

ಮಂಚದ ಮೇಲಿನಿಂದ ಅಜ್ಜಿ ಕೇಳಿದಳು:

"ಸೋರೋದು ನಿಂತಿದೆಯೇನೋ?"

"ಇಲ್ಲ."

"ಹಂಗೇ ಕೊಡ್ತೀಯಾ? ಅವರ ಮನೇಲೂ ಒಬ್ಬಳು ಅಜ್ಜಿ ಇರ್ತಾಳೆ."

ಮರುದಿನ ಬೆಳಿಗ್ಗೆ ಪೋರ್ಟಿಕೋ ಬಾಗಿಲು ತೆರೆದುಕೊಂಡಿತು. ಅಪ್ಪ ಹಳೆಯ ಕ್ರಮದಲ್ಲೇ ನೆಲದ ಒದ್ದೆಯ ಮೇಲೆ ತಲೆಯೆತ್ತಿ ನೋಡುತ್ತಿದ್ದ. ಅಮ್ಮ ಸೌಟು ಹಿಡಿದುಕೊಂಡೇ ಬಂದು ನಿಂತಳು.

"ರೀ, ನನ್ನ ಕುಕ್ಕರ್ ಸೋರಿದ್ರೆ ನಾನು ಹೆಂಗೆ ಹುಡುಕ್ತೀನಿ ಗೊತ್ತಾ? ಒಲೆ ಮೇಲಿಟ್ಟು, ಸೀಟಿ ಬರೋ ಹೊತ್ತಿಗೆ ನೋಡ್ತೀನಿ. ನೀವು ತಣ್ಣಗಿರೋವಾಗ, ಅದೂ ಮುಚ್ಚಳ ತೆಗೆದಿಟ್ಕೊಂಡು ನೋಡಿದ್ರೆ ಏನ್ ಕಾಣುತ್ತೆ?"

ಅಪ್ಪ ಬಾನೆಟ್ಟಿನಡಿಯಿಂದ ಹೊರಬಂದು ಅವಳನ್ನೇ ನೋಡಿದ. ನಾವು ಎಂಜಿನ್ನನ್ನು ಒಂದು ಮೂಲೆಯೂ ಬಿಡದೆ ಒರೆಸಿದೆವು. ಹಳೆಯ ಜಿಡ್ಡು, ಹಳೆಯ ಕಲೆ, ಎಲ್ಲವೂ ಹೋಗಬೇಕು, ಇಲ್ಲದಿದ್ದರೆ ಹೊಸ ಒದ್ದೆ ಯಾವುದು ಎಂದು ತಿಳಿಯುವುದಿಲ್ಲ. ಒಣಗಿದ ಮೇಲೆ ಏನಾದರೂ ಬಿಳಿ ಪುಡಿ ಉದುರಿಸಿದರೆ ನೀರಿನ ದಾರಿ ಕಾಣುತ್ತದೆ ಎಂದ ಅಪ್ಪ. ಅಮ್ಮ ಅಕ್ಕಿಹಿಟ್ಟು ತರಲು ಹೊರಟಳು. ಒಳಗಿನಿಂದ ಅಜ್ಜಿ ಕೂಗಿದಳು, ಅಕ್ಕಿಹಿಟ್ಟು ಬಿಸಿಗೆ ಅಂಟುತ್ತೆ, ವಿಭೂತಿ ಗಟ್ಟಿ ಕುಟ್ಟಿ ಹಾಕು. ನಾವು ಮೂವರೂ ಬೆಚ್ಚಿ ಒಬ್ಬರ ಮುಖ ಒಬ್ಬರು ನೋಡಿದೆವು. ಹೊಸ ವಿಭೂತಿಯ ಗಟ್ಟಿಯೊಂದನ್ನು ಅವಳೇ ದೇವರ ಗೂಡಿನಿಂದ ತೆಗೆಸಿ ನನ್ನ ಕೈಗೆ ಕೊಟ್ಟಳು. ಕುಟ್ಟಿ, ತೆಳು ಬಟ್ಟೆಯಲ್ಲಿ ಕಟ್ಟಿ, ತಟ್ಟಿ ತಟ್ಟಿ ಎಂಜಿನ್ನಿನ ಮೈಗೆಲ್ಲ ಹಚ್ಚಿದೆ. ಅಪ್ಪ ಮುಚ್ಚಳ ಬಿಗಿಯಾಗಿ ಹಾಕಿ ಕಾರನ್ನು ಚಾಲೂ ಮಾಡಿದ. ಫ್ಯಾನಿನ ಹತ್ತಿರ ಕೈ ತರಬೇಡ, ಬಿಸಿ ಮುಚ್ಚಳ ಮುಟ್ಟಬೇಡ ಎಂದು ಅಮ್ಮ ನನ್ನ ಲಂಗ ಹಿಂದಿನಿಂದ ಹಿಡಿದುಕೊಂಡಿದ್ದಳು.

ಮೊದಲು ಏನೂ ಇಲ್ಲ. ಎಂಜಿನ್ ಕಾಯುತ್ತಾ ಬಂತು. ಕಾದ ಮೇಲೂ ಮುಂಭಾಗದ ಪೈಪುಗಳು, ಪಂಪು, ರೇಡಿಯೇಟರು, ಅಷ್ಟೂ ಬೆಳ್ಳಗೇ ಇದ್ದವು. ಆಮೇಲೆ ಎಂಜಿನ್ನಿನ ಪಕ್ಕೆಯಲ್ಲಿ, ಹೊಗೆ ಕೊಳವೆಯ ಕೆಳಗೆ, ಬಿಳಿಯ ಮೇಲೆ ಕಪ್ಪಾದ ಒಂದು ಗೆರೆ ಮೂಡಿತು. ನೋಡುತ್ತಿದ್ದಂತೆ ಉದ್ದವಾಯಿತು. ಎಂಜಿನ್ನಿನ ಅಂಚಿನ ಮೇಲೆ ಇರುವೆಯಂತೆ ಹರಿದು, ಮುಂದಕ್ಕೆ ಬಂದು, ಕಬ್ಬಿಣದ ಪಟ್ಟಿಯೊಂದರ ತುದಿಯಲ್ಲಿ ಹನಿಯಾಗಿ ನಿಂತು, ತಟ್ಟೆ ಇಡುತ್ತಿದ್ದ ಜಾಗಕ್ಕೆ ತೊಟ್ ಎಂದು ಬಿತ್ತು. ಅಪ್ಪ ಎಂಜಿನ್ ನಿಲ್ಲಿಸಿ, ಅದು ಆರಿದ ಮೇಲೆ ಅಮ್ಮನ ಕೈಗನ್ನಡಿಯನ್ನು ಒಳಗೆ ಚಾಚಿ ಹಿಡಿದ. ಕನ್ನಡಿಯಲ್ಲಿ ಕಂಡದ್ದು ದೊಡ್ಡ ನಾಣ್ಯದಷ್ಟು ಒಂದು ತಗಡಿನ ಬಿಲ್ಲೆ, ಎಂಜಿನ್ನಿನ ಮೈಯಲ್ಲಿ ಒತ್ತಿ ಕೂರಿಸಿದ್ದು. ತುಕ್ಕು ತಿಂದು ಅದರ ಕೆಳ ಅಂಚಿನಲ್ಲಿ ಸೂಜಿ ಚುಚ್ಚಿದಂಥ ತೂತು. ಅಷ್ಟೇ. ಪೈಪು, ಪಂಪು, ರೇಡಿಯೇಟರು, ಆಸ್ಪತ್ರೆ, ಬ್ರಾಂದಿ, ಎಲ್ಲಕ್ಕೂ ಕಾರಣ ಅಷ್ಟು. ಅಪ್ಪ ಕನ್ನಡಿ ಹಿಡಿದುಕೊಂಡೇ ಇದ್ದ.

ಬಾಷಾ ಬಂದು, ಒಳಗಿನ ನೀರೆಲ್ಲ ಬಕೆಟ್ಟಿಗೆ ಇಳಿಸಿ, ಹಳೆಯ ಬಿಲ್ಲೆಯ ಒಂದು ಅಂಚಿಗೆ ಉಳಿಯಿಟ್ಟು ತಟ್ಟಿದರು. ಅದು ಓರೆಯಾಗಿ ತಿರುಗಿಕೊಂಡಿತು, ಇಕ್ಕಳದಲ್ಲಿ ಎಳೆದರೆ ಹಪ್ಪಳದಂತೆ ಮುರಿದು ಬಂತು. ಕೂರುವ ಬಾಯನ್ನು ಉಪ್ಪುಕಾಗದದಲ್ಲಿ ಉಜ್ಜಿ, ಅಂಟು ಸವರಿ, ಹೊಸ ಬಿಲ್ಲೆಯನ್ನು ಸುತ್ತಲೂ ಸಮನಾಗಿ ತಟ್ಟಿ ಕೂರಿಸಿದರು. ಒಂದು ಹೋಗಿದೆ ಎಂದರೆ ಜೊತೆಯವೂ ಹೋಗಲಿಕ್ಕೆ ಕಾಯುತ್ತಿರುತ್ತವೆ ಎಂದು ಕೈಗೆ ಸಿಗುವ ಉಳಿದವುಗಳನ್ನೂ ಅಪ್ಪ ಬದಲಾಯಿಸಿದ. ಅಂಟು ಒಣಗಲೆಂದು ಒಂದು ದಿನ ಬಿಟ್ಟೆವು. ನಾನು ಇವತ್ತಿಗೂ ಮನೆಯಲ್ಲಿ ಏನಾದರೂ ಸರಿಯಿಲ್ಲ ಎನಿಸಿದರೆ ಮೊದಲು ಒರೆಸುತ್ತೇನೆ, ಆಮೇಲೆ ಕಾಯುತ್ತೇನೆ. ಮಕ್ಕಳು ನಗುತ್ತಾರೆ.

ಮರುದಿನ ಅಪ್ಪ ಹೊಸ ಕೂಲಂಟಿನ ಡಬ್ಬ ತಂದ. ತಂದವನು ಅದನ್ನು ಒರಳುಕಲ್ಲಿನ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ನಿಂತ. ಮುಚ್ಚಳ ತೆಗೆಯಲಿಲ್ಲ. ಅಮ್ಮನೂ ಮುಟ್ಟಲಿಲ್ಲ, ನಾನೂ ಮುಟ್ಟಲಿಲ್ಲ. ಡಬ್ಬದೊಳಗಿನ ಹಸಿರು ಹೊರಗೆ ಕಾಣುತ್ತಿರಲಿಲ್ಲ, ಆದರೂ ಅದು ಅಲ್ಲಿದೆ ಎಂದು ಮೂವರಿಗೂ ಗೊತ್ತಿತ್ತು. ಅಜ್ಜಿ ಗೋಡೆ ಹಿಡಿದುಕೊಂಡು ಹೊಸ್ತಿಲು ದಾಟಿ ಬಂದಳು.

"ಕೊಡು ಇಲ್ಲಿ."

"ಅವ್ವಾ, ನೀನು ಒಳಗೆ ಹೋಗು," ಅಪ್ಪ ನೆಲ ನೋಡುತ್ತಾ ಹೇಳಿದ.

"ನಾನೇ ಹಾಕ್ತೀನಿ. ಈ ಮನೇಲಿ ಅದರ ಪರಿಚಯ ಇರೋಳು ನಾನೊಬ್ಬಳೇ."

ಅಮ್ಮ ಆಲಿಕೆ ಹಿಡಿದಳು. ಅಜ್ಜಿ ಎರಡೂ ಕೈಯಲ್ಲಿ ಡಬ್ಬ ಬಗ್ಗಿಸಿ, ಒಂದು ಹನಿ ಹೊರಗೆ ಚೆಲ್ಲದಂತೆ, ಮಗುವಿಗೆ ಎಣ್ಣೆ ಹಾಕುವಷ್ಟು ನಿಧಾನವಾಗಿ ಸುರಿದಳು. ಬಾಷಾ ಹೇಳಿದ್ದ ಅಳತೆಗೆ ಅಮ್ಮ ಕುದಿಸಿ ಆರಿಸಿದ ನೀರು ಸೇರಿಸಿದಳು. ಮುಚ್ಚಳ ತಿರುಗಿಸಿ ಬಿಗಿದದ್ದೂ ಅಜ್ಜಿಯೇ. ಅಪ್ಪ ಕಾರಿನೊಳಗೆ ಹೋಗಿ ಕೂತ. ಕೀಲಿ ಹಾಕಿದ, ತಿರುಗಿಸಲಿಲ್ಲ. ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಹಾಗೇ ಇದ್ದುಬಿಟ್ಟ. ಅವನ ಬೆನ್ನು ಮಾತ್ರ ಅಲುಗುತ್ತಿತ್ತು. ಅಮ್ಮ ಮುಂದೆ ಹೋಗಲು ನೋಡಿದಳು, ಅಜ್ಜಿ ಕೈಯಡ್ಡ ಮಾಡಿ, ತಾನೇ ಬಾನೆಟ್ಟು ಹಿಡಿದುಕೊಂಡು, ಬಾಗಿಲು ಹಿಡಿದುಕೊಂಡು, ಕಿಟಕಿಯ ಹತ್ತಿರ ಹೋದಳು.

"ಮಲ್ಲಣ್ಣ."

ಅಪ್ಪ ತಲೆ ಎತ್ತಲಿಲ್ಲ.

"ಚಾಲೂ ಮಾಡೋ. ಹಿಂಗೆ ತಣ್ಣಗೆ ಕೂತ್ರೆ, ಸೋರೋದು ನಿಂತಿದೆಯೋ ಇಲ್ವೋ ಹೆಂಗೆ ಗೊತ್ತಾಗುತ್ತೆ?"

ಅಪ್ಪ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡ. ಆಮೇಲೆ, ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ, ಅಜ್ಜಿಯ ಮುಖವನ್ನು ನೋಡಿದ. ನೋಡುತ್ತಲೇ ಕೀಲಿ ತಿರುಗಿಸಿದ. ಅಮ್ಮ ಸೆರಗು ಸಿಕ್ಕಿಸಿಕೊಂಡು, ನಾನು ಲಂಗ ಎತ್ತಿ ಕಟ್ಟಿಕೊಂಡು, ಅಜ್ಜಿ ಒರಳುಕಲ್ಲಿನ ಮೇಲೆ ಕೂತು ಬಗ್ಗಿಕೊಂಡು, ಎಂಜಿನ್ ಕಾಯುವ ತನಕ ಮೂವರೂ ಕಾರಿನ ಅಡಿಯನ್ನೇ ನೋಡುತ್ತಿದ್ದೆವು. ನೆಲ ಒಣಗಿಯೇ ಇತ್ತು.